ಕಿಡಿಯ ಕೋಪಕ್ಕೆ ಮೂರು ಹೆಸರು

ಮೊದಲ ಸಲ ಕಚ್ಚಿಸಿಕೊಂಡಾಗ ನಾನಿನ್ನೂ ಹಾವಿನ ಮುಖವನ್ನೇ ನೋಡಿರಲಿಲ್ಲ. ಬಟ್ಟೆಚೀಲದಲ್ಲಿ ಹಾಕಿ ಕೊಟ್ಟಿದ್ದರು. ಗಂಟು ಬಿಚ್ಚೋಣ ಅಂತ ಚೀಲದ ಬಾಯಿ ಹಿಡಿದೆ. ಒಳಗಿಂದಲೇ, ಬಟ್ಟೆಯ ಸಮೇತ, ಹೆಬ್ಬೆರಳಿಗೆ ಬಾಯಿ ಹಾಕಿಬಿಟ್ಟಿತು. ನೋವು ಅನ್ನುವಂಥದ್ದೇನೂ ಇರಲಿಲ್ಲ, ನಾಲ್ಕಾರು ಮುಳ್ಳು ಒಟ್ಟಿಗೆ ಚುಚ್ಚಿದ ಹಾಗಾಯಿತು ಅಷ್ಟೆ. ಆದರೆ ಎದೆ ಧಸಕ್ಕೆಂದಿತು. ಚೀಲ ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಪಕ್ಕದಲ್ಲಿ ನಿಂತಿದ್ದ ತಮ್ಮ ಅಷ್ಟರಲ್ಲಿ ಬಾಗಿಲ ಹತ್ತಿರ ಹೋಗಿದ್ದ.

"ಅಕ್ಕಾ, ಸಾಕೋಕೆ ನಿಂಗೆ ಬೇರೆ ಏನೂ ಸಿಗ್ಲಿಲ್ವಾ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದು ಜಂಗಲ್ ಕಾರ್ಪೆಟ್ ಪೈಥಾನ್. ಹೆಬ್ಬಾವಿನ ಕುಲದ್ದೇ, ಆದರೆ ನಾವು ಹೆಬ್ಬಾವು ಅಂದರೆ ಮನಸ್ಸಿಗೆ ಬರುವ ಆ ದಪ್ಪ ದೇಹ ಇದಕ್ಕಿಲ್ಲ. ತೆಳ್ಳಗೆ, ಉದ್ದಕ್ಕೆ, ಕಪ್ಪು ಮೈ ಮೇಲೆ ಹಳದಿ ಪಟ್ಟಿ. ಕಾರ್ಪೆಟ್ ಪೈಥಾನ್‌ಗಳ ಮೂಲ ಆಸ್ಟ್ರೇಲಿಯಾ ಮತ್ತು ನ್ಯೂ ಗಿನಿ. ಈ ಜಂಗಲ್ ಬಗೆಯದು ಆಸ್ಟ್ರೇಲಿಯಾದ ಈಶಾನ್ಯ ಮೂಲೆಯ ಮಳೆಕಾಡಿನದು. ವಿಷ ಇಲ್ಲ. ಬೆಳೆದ ಮೇಲೆ 5–6 ಅಡಿ ಆಗುತ್ತದೆ. ನನ್ನ ಕೈಗೆ ಬಂದಾಗ ಇದಕ್ಕೆ ಒಂದು ವರ್ಷ ದಾಟಿತ್ತು, ಉದ್ದ ಸುಮಾರು ಮೂರೂವರೆ ಅಡಿ. ಸಾಕಿದ ಹಾವುಗಳಿಗೇ ಹುಟ್ಟಿದ್ದು, ಕಾಡು ಕಂಡದ್ದಲ್ಲ. ಹಿಂದಿನ ಮಾಲೀಕರು ಬೇಸತ್ತು ಕೊಟ್ಟಿದ್ದರು. "ಕೈಗೆ ಬರೋ ಹಾವಲ್ಲ ಇದು, ಸಿಕ್ಕಾಪಟ್ಟೆ ಕೋಪ" ಅಂದಿದ್ದರು. ನಾನು ಅದಕ್ಕೆ ಕಿಡಿ ಅಂತ ಹೆಸರಿಟ್ಟೆ. ಈಗ ಯೋಚಿಸಿದರೆ ಹೆಸರಿಡುವಾಗಲೇ ನಾನೂ ಅವರ ಮಾತನ್ನು ಒಪ್ಪಿಕೊಂಡುಬಿಟ್ಟಿದ್ದೆ.

ಇಲ್ಲೇ ಒಂದು ಮಾತು. ಮುಂದೆ ಬರೆದಿರುವುದೆಲ್ಲ ವಿಷವಿಲ್ಲದ, ಸಾಕಲು ಕಾನೂನು ಒಪ್ಪುವ, ಮನುಷ್ಯರ ನಡುವೆಯೇ ಹುಟ್ಟಿದ ಹಾವಿನ ಕಥೆ. ಹಿತ್ತಲಿಗೆ ಬಂದ ಹಾವಿಗೆ ಇದರಲ್ಲಿ ಒಂದಕ್ಷರವೂ ಹೊಂದುವುದಿಲ್ಲ.

ಮೊದಲ ವಾರ ನಾನು ಮಾಡಿದ್ದೆಲ್ಲ ತಪ್ಪು. ಧೈರ್ಯ ತೋರಿಸಿದರೆ ಹಾವು ಸೋಲುತ್ತದೆ ಅಂದುಕೊಂಡಿದ್ದೆ. ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು ದಿನಾ ಸಂಜೆ ಎತ್ತಲು ಹೋಗುತ್ತಿದ್ದೆ. ಗಾಜಿನ ಗೂಡಿನ ಬಾಗಿಲು ಸರಿಸುತ್ತಿದ್ದ ಹಾಗೆ ಬುಸ್ ಅನ್ನುತ್ತಿತ್ತು. ಕುತ್ತಿಗೆ ಎಸ್ ಆಕಾರಕ್ಕೆ ಮಡಚಿಕೊಳ್ಳುತ್ತಿತ್ತು. ಕೈ ಒಂದು ಅಡಿ ದೂರ ಇರುವಾಗಲೇ ಟಪ್. ಗ್ಲೌಸ್‌ಗೆ ಹಲ್ಲು ಸಿಕ್ಕಿಕೊಳ್ಳುತ್ತಿತ್ತು. ಗ್ಲೌಸ್ ಒಳಗೆ ಬೆರಳಿಗೆ ಏನೂ ತಿಳಿಯುವುದಿಲ್ಲ, ಎಷ್ಟು ಬಿಗಿಯಾಗಿ ಹಿಡಿದೆ ಅನ್ನುವುದೂ ಗೊತ್ತಾಗುವುದಿಲ್ಲ. ಅದು ಒದ್ದಾಡುತ್ತಿತ್ತು, ನಾನು ಇನ್ನೂ ಬಿಗಿ ಹಿಡಿಯುತ್ತಿದ್ದೆ, ಅದು ಗಬ್ಬು ವಾಸನೆಯ ದ್ರವ ಬಿಟ್ಟು ನನ್ನ ಅಂಗಿ ಹಾಳು ಮಾಡುತ್ತಿತ್ತು. ಕೊನೆಗೆ ಸೋತು ವಾಪಸ್ ಬಿಡುತ್ತಿದ್ದೆ. ಹೊತ್ತು ಕಳೆದಂತೆ ಕೋಪ ಕಮ್ಮಿ ಆಗುವುದಿರಲಿ, ಈಗ ನಾನು ಕೋಣೆಗೆ ಕಾಲಿಟ್ಟರೆ ಸಾಕು, ಗಾಜಿಗೆ ಹೊಡೆಯಲು ಶುರು ಮಾಡಿತು. ಗಾಜಿಗೆ ಬಡಿದು ಬಡಿದು ಮೂತಿಯ ತುದಿ ಕೆಂಪಾಯಿತು.

ಅದನ್ನು ನೋಡಿ ಹೊಟ್ಟೆ ಚುರುಕ್ ಅಂತು. ಹಾವು ಸಾಕುವುದರಲ್ಲಿ ಪಳಗಿದ ಹಿರಿಯರೊಬ್ಬರು ನನಗೆ ಪರಿಚಯ. ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು.

"ಯಾವಾಗ ಕಚ್ಚುತ್ತಮ್ಮಾ?"

"ಯಾವಾಗ್ಲೂ ಸಾರ್."

"ಯಾವಾಗ್ಲೂ ಅನ್ನೋದು ಉತ್ತರ ಅಲ್ಲ. ಬರೆದಿಡಿ. ಎಷ್ಟು ಗಂಟೆಗೆ ಕಚ್ತು, ಅದಕ್ಕೆ ಮುಂಚೆ ಅದು ಹೇಗೆ ಕೂತಿತ್ತು, ನೀವೇನು ಮಾಡಿದ್ರಿ. ಎರಡು ವಾರ ಕೈ ಹಾಕಬೇಡಿ. ಸುಮ್ನೆ ನೋಡಿ, ಬರೀರಿ."

ಹಳೆಯ ಲೆಕ್ಕದ ಪುಸ್ತಕ ಒಂದಿತ್ತು. ಮೂರು ಗೀಟು ಎಳೆದೆ.

ಕೈ ಹಾಕುವ ಹಾಗಿಲ್ಲವಲ್ಲ, ಹಾಗಾಗಿ ಗೂಡಿನ ಕಡೆ ಗಮನ ಹೋಯಿತು. ಆಗ ಕಂಡದ್ದು ನನಗೇ ನಾಚಿಕೆ ತರಿಸಿತು. ನಾಲ್ಕೂ ಕಡೆ ಬರಿ ಗಾಜು. ಅಡಗಿಕೊಳ್ಳಲು ಒಂದೇ ಒಂದು ಡಬ್ಬಿ, ಅದೂ ತಣ್ಣಗಿನ ಮೂಲೆಯಲ್ಲಿ. ಬೆಚ್ಚಗಿರಬೇಕಾದರೆ ಬಯಲಿಗೆ ಬರಬೇಕು, ಅಡಗಬೇಕಾದರೆ ಚಳಿಯಲ್ಲಿರಬೇಕು. ಎರಡರಲ್ಲಿ ಒಂದು ಆರಿಸಿಕೋ ಅಂತ ದಿನಪೂರ್ತಿ ಹೇಳಿದ ಹಾಗೆ. ಥರ್ಮಾಮೀಟರ್ ಇಟ್ಟು ನೋಡಿದರೆ ಬೆಚ್ಚಗಿನ ಜಾಗದಲ್ಲೂ 27 ಡಿಗ್ರಿಯಷ್ಟೇ ಇತ್ತು. ಹಾವು ನಮ್ಮ ಹಾಗೆ ಮೈಯೊಳಗೆ ಸದಾ ಶಾಖ ಹುಟ್ಟಿಸಿಕೊಂಡು ಇರಲಾರದು, ತಿಂದದ್ದು ಅರಗಬೇಕಾದರೂ ಹೊರಗಿನ ಬಿಸಿಯೇ ಬೇಕು. ಮರ ಹತ್ತುವ ಜಾತಿಗೆ ಹತ್ತಲು ಒಂದು ಕೊಂಬೆಯೂ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಎಂದರೆ ಗೂಡು ಇದ್ದದ್ದು ನೆಲದ ಹತ್ತಿರದ ಶೆಲ್ಫಿನಲ್ಲಿ. ನಾನು ಹತ್ತಿರ ಬಂದರೆ ಮೊದಲು ಕಾಲ ಹೆಜ್ಜೆಯ ಅದುರು. ಹಾವಿಗೆ ಹೊರಕಿವಿ ಇಲ್ಲ, ಆದರೆ ನೆಲದ ಅದುರು ದವಡೆಯ ಮೂಳೆ ಹಿಡಿದು ಒಳಕಿವಿಗೆ ಹೋಗುತ್ತದೆ. ಆಮೇಲೆ ಮೇಲಿನಿಂದ ಇಳಿದು ಬರುವ ಒಂದು ಕೈ. ಸಣ್ಣ ಹಾವಿಗೆ ಮೇಲಿನಿಂದ ಬರುವುದು ಹದ್ದು, ಗಿಡುಗ. ಬದುಕಿಸುವಂಥದ್ದು ಯಾವುದೂ ಮೇಲಿನಿಂದ ಬರುವುದಿಲ್ಲ.

ಗೂಡನ್ನು ನನ್ನ ಎದೆಮಟ್ಟಕ್ಕೆ ಏರಿಸಿದೆ. ಮೂರು ಕಡೆಯ ಗಾಜಿಗೆ ಕಪ್ಪು ಕಾಗದ ಅಂಟಿಸಿದೆ. ಮುಂದಿನ ಗಾಜಿಗೂ ಮೊದಲ ಹತ್ತು ದಿನ ಬಟ್ಟೆ ಇಳಿಬಿಟ್ಟಿದ್ದೆ. ಬಿಸಿ ಕಡೆ 31–32, ತಣ್ಣನೆ ಕಡೆ 25–26 ಡಿಗ್ರಿ ನಿಲ್ಲುವ ಹಾಗೆ ಥರ್ಮೋಸ್ಟಾಟ್ ಹಾಕಿಸಿದೆ. ಎರಡು ಕಡೆಯೂ ಒಂದೊಂದು ಅಡಗುಡಬ್ಬಿ, ಅದರ ಮೈಗೆ ಸರಿಯಾಗಿ ತಾಗುವಷ್ಟು ಇಕ್ಕಟ್ಟಿನದು. ಹಾವಿಗೆ ವಿಶಾಲವಾದ ಡಬ್ಬಿ ಇಷ್ಟ ಆಗುವುದಿಲ್ಲ, ಸುತ್ತಲೂ ಮೈ ಒತ್ತಿದರೇ ಅದಕ್ಕೆ ನೆಮ್ಮದಿ. ಎರಡು ಕೊಂಬೆ ಅಡ್ಡ ಕಟ್ಟಿದೆ. ಪ್ರಾಣಿವೈದ್ಯರಿಗೂ ಒಮ್ಮೆ ತೋರಿಸಿದೆ. ಬಾಯಿಯೊಳಗೆ ಹುಣ್ಣು, ಚಿಪ್ಪುಗಳ ಸಂದಿಯಲ್ಲಿ ಉಣ್ಣಿ ಇದ್ದರೂ ಮುಟ್ಟಿದರೆ ಕಚ್ಚುತ್ತವೆ. ನೋವಿದ್ದಾಗ ಪಳಗಿಸಲು ಹೊರಡುವುದು ಅನ್ಯಾಯ ಅಲ್ವಾ? ನಮ್ಮದಕ್ಕೆ ಅಂಥದ್ದೇನೂ ಇರಲಿಲ್ಲ. ಮೂತಿಯ ಗಾಯ ತಾನಾಗೇ ಮಾಯಿತು.

ಹತ್ತನೇ ದಿನ ಬಟ್ಟೆ ತೆಗೆದೆ. ಕಿಡಿ ಕೊಂಬೆಯ ಮೇಲೆ ಸುರುಳಿ ಸುತ್ತಿ ಮಲಗಿತ್ತು. ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ತಲೆ ಎತ್ತಿತು, ನಾಲಿಗೆ ಎರಡು ಸಲ ಹೊರಬಂತು. ಗಾಜಿಗೆ ಹೊಡೆಯಲಿಲ್ಲ. ನಾನಿನ್ನೂ ಬೆರಳೂ ತಾಗಿಸಿರಲಿಲ್ಲ, ಅರ್ಧ ಕೋಪ ಗೂಡಿನ ಜೊತೆಗೇ ಹೋಗಿತ್ತು.

ಆದರೆ ಅರ್ಧ ಉಳಿದಿತ್ತಲ್ಲ.

ಪುಸ್ತಕದಲ್ಲಿ ನಾಲ್ಕು ಪುಟ ತುಂಬುವ ಹೊತ್ತಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ನಾನು ಕೋಪ ಅಂತ ಬರೆದ ಜಾಗಗಳಲ್ಲಿ ಹಾವು ಒಂದೇ ರೀತಿ ಕೂತಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಬುಸುಗುಟ್ಟುತ್ತಿತ್ತು, ಮೈ ಉಬ್ಬಿಸುತ್ತಿತ್ತು, ತಲೆ ಹಿಂದಕ್ಕೆ ಎಳೆದುಕೊಂಡು ಕುತ್ತಿಗೆ ಮಡಚುತ್ತಿತ್ತು. ಹೊಡೆದರೂ ತಟ್ಟನೆ ಹೊಡೆದು ತಟ್ಟನೆ ಹಿಂದೆ. ಎಷ್ಟೋ ಸಲ ಬಾಯಿ ಮುಚ್ಚಿಕೊಂಡೇ ಮೂತಿಯಿಂದ ಗುದ್ದುತ್ತಿತ್ತು. ರಾತ್ರಿ ಎಂಟರ ಮೇಲೆ ಚಿತ್ರವೇ ಬೇರೆ. ಸದ್ದಿಲ್ಲ. ಕೊಂಬೆಗೆ ಬಾಲ ಬಿಗಿದು ತಲೆ ಕೆಳಕ್ಕೆ ಇಳಿಬಿಟ್ಟಿರುತ್ತಿತ್ತು. ನಾಲಿಗೆ ನಿಧಾನಕ್ಕೆ, ಅಳೆದು ಸುರಿದು, ಒಂದೊಂದೇ ಸಲ ಹೊರಗೆ. ನನ್ನ ಕೈ ಎಡಕ್ಕೆ ಹೋದರೆ ತಲೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಇನ್ನೊಂದು ನಾಲ್ಕು ದಿನದ ಕಂತು ಬೇರೆಯೇ ಇತ್ತು. ಆ ದಿನಗಳಲ್ಲಿ ಹೊತ್ತುಗೊತ್ತಿಲ್ಲದೆ, ಎದುರಿಗೆ ಏನು ಅಲ್ಲಾಡಿದರೂ ಹೊಡೆದಿತ್ತು, ಗುರಿಯೂ ತಪ್ಪಿತ್ತು. ಆ ಸಾಲುಗಳ ಪಕ್ಕದಲ್ಲಿ ನಾನೇ ಬರೆದುಕೊಂಡಿದ್ದೆ: ಕಣ್ಣು ಯಾಕೋ ಹಾಲಿನ ಹಾಗೆ ಕಾಣುತ್ತಿದೆ.

ಮೊದಲನೆಯದು ಭಯ. ಎರಡನೆಯದು ಹಸಿವು. ಮೂರನೆಯದು ಪೊರೆ.

ಇದನ್ನು ಫೋನಿನಲ್ಲಿ ಹೇಳಿದಾಗ ಆ ಹಿರಿಯರು ನಕ್ಕರು. "ಹಾಂ, ಈಗ ಕೈ ಹಾಕಿ. ಭಯ ಇರೋವಾಗ ಮಾತ್ರ ಕೈ ಹಾಕಿ. ಮಿಕ್ಕಿದ್ದಕ್ಕೆ ಪಳಗಿಸೋದು ಅನ್ನೋದೇ ಇಲ್ಲ."

ಈ ಮಾತು ಅರಗಲು ನನಗೆ ಸಮಯ ಹಿಡಿಯಿತು. ಪೊರೆ ಬಿಡುವ ಮುಂಚೆ ಹಾವಿನ ಕಣ್ಣು ನೀಲಿ ಮಂಜು ಕಟ್ಟುತ್ತದೆ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಚಿಪ್ಪು ಇರುತ್ತದೆ, ಹಳೇ ಪೊರೆಯ ಜೊತೆ ಅದೂ ಬಿಟ್ಟುಹೋಗಬೇಕು. ಹಳೆಯದಕ್ಕೂ ಹೊಸದಕ್ಕೂ ನಡುವೆ ದ್ರವ ಸೇರುವುದರಿಂದ ಆ ಮಂಜು. ಕೆಲವು ದಿನ ಸರಿಯಾಗಿ ಕಾಣುವುದೇ ಇಲ್ಲ. ಆಮೇಲೆ ಕಣ್ಣು ತಿಳಿಯಾಗುತ್ತದೆ, ಅದಾಗಿ ಕೆಲವು ದಿನಕ್ಕೆ ಪೊರೆ ಕಳಚುತ್ತದೆ. ಮಸುಕು ಕಣ್ಣಿನಲ್ಲಿ ಯಾರೋ ಎತ್ತಲು ಬಂದರೆ ನಾವಾದರೂ ಕೈ ಬೀಸದೆ ಬಿಡುತ್ತೇವಾ? ಆ ದಿನಗಳಲ್ಲಿ ನೀರು ಬದಲಿಸುವುದಷ್ಟೇ ನನ್ನ ಕೆಲಸ ಅಂತ ಗೊತ್ತು ಮಾಡಿಕೊಂಡೆ.

ಹಸಿವಿನ ಪಾಠವನ್ನು ಮಾತ್ರ ಕೈಯಾರೆ ಕಲಿತೆ. ಅದನ್ನು ಆಮೇಲೆ ಹೇಳುತ್ತೇನೆ.

ಕೊಕ್ಕೆ ತಂದೆ. ಉದ್ದ ಹಿಡಿಕೆ, ತುದಿಯಲ್ಲಿ ಮೊಂಡಾಗಿ ಬಾಗಿದ ಕಬ್ಬಿಣ. ಇದು ಹಾವನ್ನು ಅದುಮಲು ಅಲ್ಲ. ಬಾಗಿಲು ಸರಿಸಿ, ಪಕ್ಕದಿಂದ, ಕೆಳಮಟ್ಟದಲ್ಲಿ ಕೊಕ್ಕೆಯನ್ನು ಒಳಗೆ ತಂದು, ಮೈಯ ನಡುಭಾಗಕ್ಕೆ ಮೆಲ್ಲಗೆ ತಾಗಿಸಬೇಕು. ತಲೆಯ ಹತ್ತಿರ ಹೋಗಲೇಬಾರದು. ಒಂದು ಸಲ ತಾಗಿಸಿ, ಬಾಲದ ಕಡೆಗೆ ಹಾಗೇ ಸವರಿ, ಹೊರಗೆ ತೆಗೆಯುವುದು. ಬಾಗಿಲು ಮುಚ್ಚುವುದು. ಮೊದಲ ನಾಲ್ಕು ದಿನ ಇಷ್ಟೇ. ಐದನೇ ದಿನ ಕೊಕ್ಕೆಗೆ ಹೊಡೆಯುವುದು ನಿಂತಿತು. ಕಬ್ಬಿಣಕ್ಕೆ ಬಿಸಿ ಇಲ್ಲವಲ್ಲ. ಈ ಹಾವುಗಳ ತುಟಿಯ ಚಿಪ್ಪುಗಳಲ್ಲಿ ಸಾಲಾಗಿ ಸಣ್ಣ ಗುಳಿಗಳಿವೆ, ಬಿಸಿರಕ್ತದ ಪ್ರಾಣಿ ಎದುರು ಬಂದರೆ ಕತ್ತಲಲ್ಲೂ ಅದರ ಶಾಖ ಆ ಗುಳಿಗಳಿಗೆ ತಿಳಿಯುತ್ತದೆ. ನನ್ನ ಬೆಚ್ಚನೆಯ ಕೈ ಅದಕ್ಕೆ ಒಂದೋ ಊಟ, ಇಲ್ಲವೇ ಶತ್ರು. ತಣ್ಣನೆ ಕೊಕ್ಕೆ ಎರಡೂ ಅಲ್ಲ.

ಮೊದಲ ಸಲ ಎತ್ತಿದ ದಿನದ ಸಾಲು ಪುಸ್ತಕದಲ್ಲಿ ಹೀಗಿದೆ: ಬೆಳಿಗ್ಗೆ 10.20. ಕೊಕ್ಕೆ ತಾಗಿಸಿದೆ. ಎತ್ತಿದೆ. ಎಡಗೈ ಕೆಳಗೆ ಕೊಟ್ಟೆ. 2 ಸಲ ಹೊಡೆಯಿತು, ಮೊಣಕೈ ಹತ್ತಿರ. 3 ನಿಮಿಷ.

ಆ ಮೂರು ನಿಮಿಷದ ಬಗ್ಗೆ ಬರೆಯಬೇಕಾದ್ದು ಬಹಳ ಇದೆ. ಗ್ಲೌಸ್ ಬಿಟ್ಟಿದ್ದೆ, ದಪ್ಪನೆಯ ತುಂಬುತೋಳಿನ ಸ್ವೆಟರ್ ಹಾಕಿಕೊಂಡಿದ್ದೆ. ಕೊಕ್ಕೆಯ ಮೇಲೆ ಮೈಯ ಮೂರನೇ ಒಂದು ಭಾಗ, ಕೈಯ ಮೇಲೆ ಉಳಿದದ್ದು. ಮೊದಲ ಹೊಡೆತ ಬಿದ್ದ ತಕ್ಷಣ ನನ್ನ ಕೈಗೆ ಬೇಕಾಗಿದ್ದು ಒಂದೇ, ಅದನ್ನು ವಾಪಸ್ ಗೂಡಿಗೆ ಹಾಕಿಬಿಡಬೇಕು. ಹಾಗೆ ಹಾಕಿದ್ದರೆ ಅದು ಕಲಿಯುತ್ತಿದ್ದ ಪಾಠ ಏನು? ಕಚ್ಚಿದರೆ ಈ ಬೆಚ್ಚನೆ ವಸ್ತು ಬಿಟ್ಟುಬಿಡುತ್ತದೆ. ಹಿಂದಿನ ಮನೆಯಲ್ಲಿ ಒಂದು ವರ್ಷ ಇದೇ ಪಾಠ ನಡೆದಿತ್ತು. ನನ್ನ ಮನೆಯಲ್ಲೂ ಮೊದಲ ವಾರ ನಾನೇ ಇದರ ಮೇಷ್ಟ್ರು. ಅದಕ್ಕೇ ಈ ಸಲ ಅಲ್ಲಾಡದೆ ನಿಂತೆ. ಎರಡನೆಯ ಹೊಡೆತ. ಸ್ವೆಟರಿನ ನೂಲಿಗೆ ಹಲ್ಲು ಸಿಕ್ಕಿಕೊಂಡಿತು. ಹಾವಿನ ಹಲ್ಲು ಗಂಟಲ ಕಡೆಗೆ ಬಾಗಿರುತ್ತವೆ, ಎಳೆದರೆ ಇನ್ನೂ ಸಿಕ್ಕಿಕೊಳ್ಳುತ್ತವೆ, ಮುರಿಯುತ್ತವೆ. ಹಾಗಾಗಿ ನಾನು ಎಳೆಯಲಿಲ್ಲ. ಕಿಡಿಯೇ ತಲೆಯನ್ನು ಒಂಚೂರು ಮುಂದಕ್ಕೆ ತಳ್ಳಿ ಬಿಡಿಸಿಕೊಂಡಿತು.

ಆಮೇಲೆ ಏನೂ ಆಗಲಿಲ್ಲ. ಏನೂ ಆಗದ ಆ ಹೊತ್ತು ಎಷ್ಟು ಉದ್ದ ಇತ್ತು ಅಂತ ಹೇಳಲಾರೆ. ಅಂಗೈ ಮೇಲೆ ಅದರ ಉಸಿರು ಗೊತ್ತಾಗುತ್ತಿತ್ತು, ಪಕ್ಕೆ ಉಬ್ಬಿ ಇಳಿಯುವುದು. ಬಾಲ ನನ್ನ ಮಣಿಕಟ್ಟಿಗೆ ಬಿಗಿದಿತ್ತು. ಸ್ವಲ್ಪ ಹೊತ್ತಿಗೆ ಆ ಬಿಗಿ ಒಂದು ಎಳೆಯಷ್ಟು ಸಡಿಲವಾಯಿತು. ಕುತ್ತಿಗೆಯ ಮಡಿಕೆ ಬಿಚ್ಚಿಕೊಂಡಿತು. ನಾಲಿಗೆ ಹೊರಬಂತು, ಸ್ವೆಟರ್ ಮುಟ್ಟಿತು, ಒಳಹೋಯಿತು. ಮತ್ತೆ ಹೊರಬಂತು. ಹಾವಿಗೆ ನಾಲಿಗೆಯೇ ಮೂಗಿನ ಕೆಲಸ ಅರ್ಧ ಮಾಡುತ್ತದೆ. ಗಾಳಿಯಲ್ಲಿರುವುದನ್ನು ಹಿಡಿದು ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗಕ್ಕೆ ಒಪ್ಪಿಸುತ್ತದೆ. ಹೊಡೆಯುವುದನ್ನು ಬಿಟ್ಟು ಅದು ನನ್ನನ್ನು ವಿಚಾರಿಸಲು ಶುರು ಮಾಡಿತ್ತು. ಆಗ, ಸರಿಯಾಗಿ ಆಗಲೇ, ವಾಪಸ್ ಬಿಟ್ಟೆ.

ಇಡೀ ಪಳಗಿಸುವಿಕೆಯ ಗುಟ್ಟು ನನ್ನ ಮಟ್ಟಿಗೆ ಅಷ್ಟೇ. ಕಚ್ಚಿದಾಗ ಬಿಡಬಾರದು, ಸುಮ್ಮನಾದಾಗ ಬಿಡಬೇಕು. ಇದನ್ನು ಒಂದು ಸಾಲಲ್ಲಿ ಹೇಳುವುದು ಸುಲಭ. ಸುಮ್ಮನಾಯಿತು ಅಂತ ಖುಷಿಯಾಗಿ ಇನ್ನೂ ಐದು ನಿಮಿಷ ಇಟ್ಟುಕೊಳ್ಳೋಣ ಅನ್ನಿಸುತ್ತದಲ್ಲ, ಅಲ್ಲೇ ಕೆಡುವುದು. ನಾನೂ ಕೆಡಿಸಿದ್ದೇನೆ. ಎರಡನೇ ವಾರದಲ್ಲಿ ಒಂದು ದಿನ ಚೆನ್ನಾಗಿ ಕೂತಿದೆ ಅಂತ ಇಪ್ಪತ್ತೈದು ನಿಮಿಷ ಕೈಯಲ್ಲೇ ಇಟ್ಟುಕೊಂಡೆ. ಮಾರನೇ ದಿನ ಬಾಗಿಲು ಮುಟ್ಟುವ ಮೊದಲೇ ಬುಸುಗುಟ್ಟಿತು. ಅದು ಕೂತಿದ್ದದ್ದು ಒಪ್ಪಿ ಅಲ್ಲ, ಹೆಪ್ಪುಗಟ್ಟಿ. ಒಪ್ಪಿದ ಹಾವು ನಾಲಿಗೆ ಆಡಿಸುತ್ತದೆ, ನಿಧಾನಕ್ಕೆ ಹರಿಯುತ್ತದೆ. ಹೆದರಿ ಕೂತ ಹಾವು ನಾಲಿಗೆಯನ್ನೂ ತೆಗೆಯುವುದಿಲ್ಲ. ಇದನ್ನು ನಾನು ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ಬರೆದೆ.

ಆಮೇಲಿಂದ ಒಂದು ದಿನ ಬಿಟ್ಟು ಒಂದು ದಿನ, ಬೆಳಿಗ್ಗೆಯೇ, ಐದರಿಂದ ಹತ್ತು ನಿಮಿಷ. ಊಟ ಆದ ಮೇಲೆ ಎರಡು ದಿನ ಪೂರ್ತಿ ರಜೆ. ಹೊಟ್ಟೆ ತುಂಬಿದ ಹಾವನ್ನು ಅಲ್ಲಾಡಿಸಿದರೆ ತಿಂದದ್ದನ್ನು ಕಕ್ಕಿಬಿಡುತ್ತದೆ, ಅದು ಅದರ ಜೀವಕ್ಕೇ ಕಷ್ಟ. ನಾನು ಎರಡು ದಿನ ಹಾಕಿಕೊಂಡಿದ್ದ ಹಳೇ ಟೀಶರ್ಟ್ ಒಂದನ್ನು ಗೂಡಿನ ಮೂಲೆಯಲ್ಲಿ ಇಟ್ಟಿದ್ದೆ, ನನ್ನ ವಾಸನೆ ಹೊಸದಲ್ಲ ಅಂತ ಆಗಲಿ ಎಂದು. ಅದರಿಂದ ಎಷ್ಟು ಉಪಯೋಗ ಆಯಿತೋ, ಕಿಡಿ ಮಾತ್ರ ಅದರ ತೋಳಿನೊಳಗೆ ನುಗ್ಗಿ ಮಲಗುವುದನ್ನು ಅಭ್ಯಾಸ ಮಾಡಿಕೊಂಡಿತು.

ಈಗ ಹಸಿವಿನ ಕಥೆ.

ಎರಡು ತಿಂಗಳಾಗಿತ್ತು. ಪುಸ್ತಕದಲ್ಲಿ ಸತತ ಹನ್ನೊಂದು ಸಾಲು, ಒಂದೂ ಕಡಿತ ಇಲ್ಲ. ಗೆದ್ದೆ ಅಂದುಕೊಂಡಿದ್ದೆ. ಅವತ್ತು ಊಟದ ದಿನ. ಫ್ರೀಜರಿನಿಂದ ತೆಗೆದ ಇಲಿಯನ್ನು ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಒರೆಸಿ ಇಟ್ಟೆ. ಜೀವಂತ ಇಲಿ ಕೊಡುವುದಿಲ್ಲ, ಇಲಿ ತಿರುಗಿ ಕಚ್ಚಿದರೆ ಹಾವಿಗೇ ಗಾಯ. ಇಕ್ಕಳ ಅಡುಗೆಮನೆಯಲ್ಲಿ ಉಳಿದಿತ್ತು. ಅದನ್ನು ತರುವ ಮೊದಲು ನೀರಿನ ಬಟ್ಟಲು ಖಾಲಿ ಇದೆಯಲ್ಲ, ತೆಗೆದುಬಿಡೋಣ ಅಂತ ಗೂಡಿನ ಬಾಗಿಲು ಸರಿಸಿದೆ. ರಾತ್ರಿ ಎಂಟೂವರೆ. ಇಲಿ ಮುಟ್ಟಿದ ಕೈ. ತೊಳೆದಿರಲಿಲ್ಲ. ಕೊಂಬೆಯಿಂದ ತಲೆ ಇಳಿಬಿಟ್ಟುಕೊಂಡು ಕೂತಿತ್ತು. ನಾನು ನೋಡಲೂ ಇಲ್ಲ.

ಬುಸ್ ಅನ್ನಲಿಲ್ಲ. ಕುತ್ತಿಗೆ ಮಡಚಿದ್ದೂ ಕಾಣಲಿಲ್ಲ. ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿತು, ಬಿಡಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮಣಿಕಟ್ಟಿಗೆ ಎರಡು ಸುತ್ತು ಬಿಗಿಯಿತು. ಭಯದ ಕಡಿತ ಸೂಜಿ ಚುಚ್ಚಿದ ಹಾಗೆ ಬಂದು ಹೋಗುತ್ತದೆ. ಇದು ಕೂತು ಊಟ ಮಾಡುವ ಕಡಿತ. ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನಡೆಯುತ್ತಾ ನನ್ನ ಹೆಬ್ಬೆರಳನ್ನು ಒಳಗೆ ಎಳೆದುಕೊಳ್ಳಲು ನೋಡುತ್ತಿತ್ತು. ಬೆರಳ ತುದಿ ನೀಲಿಗಟ್ಟಲು ಶುರುವಾಯಿತು.

"ಎಳೀಬೇಡ ಅಕ್ಕಾ, ಎಳೀಬೇಡ!" ಅಂತ ತಮ್ಮ ಕೂಗಿದ. ನಾನೇ ಅವನಿಗೆ ಹೇಳಿಕೊಟ್ಟಿದ್ದ ಮಾತು. ಇಲ್ಲದಿದ್ದರೆ ಎಳೆದೇ ಬಿಡುತ್ತಿದ್ದೆನೋ ಏನೋ. ಬಚ್ಚಲಿಗೆ ಹೋಗಿ ತಣ್ಣೀರಿನ ನಲ್ಲಿ ಸಣ್ಣಗೆ ಬಿಟ್ಟು ಅದರ ತಲೆಯ ಮೇಲೆ ಬೀಳುವ ಹಾಗೆ ಹಿಡಿದೆ. ತಮ್ಮ ಬಾಲದ ತುದಿಯಿಂದ ಸುತ್ತು ಬಿಚ್ಚತೊಡಗಿದ. ಹಾವಿನ ಸುತ್ತನ್ನು ಬಾಲದ ಕಡೆಯಿಂದಲೇ ಬಿಚ್ಚಬೇಕು, ನಡುವಿನಿಂದ ಎಳೆದರೆ ಇನ್ನೂ ಬಿಗಿಯುತ್ತದೆ. ಒಂದು ನಿಮಿಷ ಆಯಿತೋ ಎರಡಾಯಿತೋ. ದವಡೆ ಸಡಿಲಾಯಿತು. ಬಾಯಿ ಬಿಟ್ಟು, ಇದು ಇಲಿ ಅಲ್ಲವಲ್ಲ ಅನ್ನುವ ಹಾಗೆ, ತಲೆ ಹಿಂದೆ ತೆಗೆದುಕೊಂಡಿತು.

ಸೋಪು ನೀರಿನಲ್ಲಿ ತೊಳೆದು, ಡಾಕ್ಟರ ಹತ್ತಿರ ಹೋಗಿ ಟಿಟಿ ಇಂಜೆಕ್ಷನ್ ತೆಗೆದುಕೊಂಡೆ. ಹಾವು ಕಚ್ಚಿದೆ ಅಂದ ಕೂಡಲೇ ಅಲ್ಲಿ ಎದ್ದ ಗಲಿಬಿಲಿ ಬೇರೆ ಕಥೆ. ಎರಡು ದಿನ ಬಿಟ್ಟು ಗಾಯದಿಂದ ಒಂದು ಹಲ್ಲಿನ ಚೂರು ಹೊರಬಂತು, ಕೂದಲೆಳೆಯಷ್ಟು ತೆಳ್ಳಗೆ, ಗಾಜಿನ ಹಾಗೆ. ಹಾವಿಗೆ ಹಲ್ಲು ಮತ್ತೆ ಮತ್ತೆ ಹುಟ್ಟುತ್ತವೆ, ಅದಕ್ಕೇನೂ ನಷ್ಟ ಇಲ್ಲ. ಆ ಚೂರನ್ನು ಸೆಲ್ಲೋಟೇಪಿನಲ್ಲಿ ಪುಸ್ತಕಕ್ಕೆ ಅಂಟಿಸಿದ್ದೇನೆ. ಅದರ ಎದುರಿನ ಮೂರನೇ ಕಾಲಂನಲ್ಲಿ, ನಾನೇನು ಮಾಡಿದೆ ಅನ್ನುವಲ್ಲಿ, ಬರೆದದ್ದು ಇಷ್ಟೇ: ಕೈ ತೊಳೆಯಲಿಲ್ಲ.

ಹನ್ನೊಂದು ಸಾಲು ಗೆದ್ದ ಹಾವು ಹಳೇ ಬುದ್ಧಿಗೆ ಹೋಯಿತು ಅಂತ ನನಗೆ ಅನ್ನಿಸಲಿಲ್ಲ. ಮಾರನೇ ದಿನ ಕೈಗೆ ಬ್ಯಾಂಡೇಜ್ ಕಟ್ಟಿಕೊಂಡೇ ಎದುರಿಗೆ ಕೂತೆ. ಕಿಡಿ ಮುಖ ಹೊರಗೆ ಹಾಕಿ ನಾಲಿಗೆ ಆಡಿಸುತ್ತಿತ್ತು. ಹಗೆಯೂ ಇಲ್ಲ, ಕ್ಷಮೆಯೂ ಇಲ್ಲ. ಹಾವು ಹಗೆ ಸಾಧಿಸುತ್ತದೆ ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಇಷ್ಟು ತಿಂಗಳ ಬರವಣಿಗೆಯಲ್ಲಿ ಹಗೆ ಅಂತ ಬರೆಯಬಹುದಾದ ಒಂದು ಸಾಲೂ ನನಗೆ ಸಿಕ್ಕಿಲ್ಲ.

ಅಲ್ಲಿಂದ ಮುಂದೆ ಊಟಕ್ಕೂ ಕೈಗೂ ಗೋಡೆ ಕಟ್ಟಿದೆ. ಊಟ ಯಾವಾಗಲೂ ರಾತ್ರಿ, ಯಾವಾಗಲೂ ಉದ್ದ ಇಕ್ಕಳದಲ್ಲಿ, ಕೊಕ್ಕೆ ತಾಗಿಸದೆ. ಎತ್ತುವುದು ಯಾವಾಗಲೂ ಬೆಳಿಗ್ಗೆ, ಮೊದಲು ಕೊಕ್ಕೆಯ ಸವರು, ಆಮೇಲೆ ಕೈ. ಒಂದು ತಿಂಗಳಲ್ಲಿ ಅದಕ್ಕೆ ವ್ಯತ್ಯಾಸ ಗೊತ್ತಾಯಿತು. ಕೊಕ್ಕೆ ಮೈಗೆ ತಾಗಿದರೆ ಇಳಿಬಿಟ್ಟ ತಲೆಯನ್ನು ಮೇಲಕ್ಕೆ ಎಳೆದುಕೊಂಡು, ಓ ಇದು ಊಟ ಅಲ್ಲ ಅನ್ನುವ ಹಾಗೆ ಮೈ ಸಡಿಲ ಬಿಡುತ್ತಿತ್ತು. ಹಾವಿಗೆ ಬುದ್ಧಿ ಇಲ್ಲ ಅನ್ನುವವರಿಗೆ ಇದನ್ನು ತೋರಿಸಬೇಕು ಅನ್ನಿಸುತ್ತದೆ.

ಮೂರನೇ ತಿಂಗಳಿಂದ ಆರನೇ ತಿಂಗಳವರೆಗೆ ಹೇಳುವಂಥದ್ದು ಕಡಿಮೆ. ಅದೇ ಬೆಳಿಗ್ಗೆ, ಅದೇ ಕೊಕ್ಕೆ. ಪೊರೆ ಬಿಟ್ಟಾಗೊಮ್ಮೆ ವಾರ ಪೂರ್ತಿ ರಜೆ, ರಜೆ ಮುಗಿದ ಮೇಲೆ ಮೊದಲ ಎರಡು ಮೂರು ಸಲ ಮತ್ತೆ ಬುಸುಗುಟ್ಟು, ಮತ್ತೆ ಸರಿ. ಮೊದಲ ಸಲ ಹೀಗಾದಾಗ ಎಲ್ಲ ಹಾಳಾಯಿತು ಅಂತ ಕೂತು ಅತ್ತಿದ್ದೆ. ಮೂರನೇ ಸಲಕ್ಕೆ ಪುಸ್ತಕದಲ್ಲಿ ಪೊರೆ ಅಂತ ಒಂದು ಪದ ಬರೆದು ಪುಟ ತಿರುಗಿಸಿದೆ.

ನಮ್ಮ ಸಾಕುನಾಯಿ ಬೆಕ್ಕುಗಳ ಅಳತೆಯಲ್ಲಿ ನೋಡಿದರೆ ಕಿಡಿ ನನ್ನನ್ನು ಪ್ರೀತಿಸುತ್ತದೆ ಅಂತ ಹೇಳಲಾಗುವುದಿಲ್ಲ. ನಾನು ಅದಕ್ಕೆ ಅಪಾಯ ಇಲ್ಲದ, ಬೆಚ್ಚನೆಯ, ಹತ್ತಲು ಬರುವ ಒಂದು ಮರ. ಕೆಲವರಿಗೆ ಇದು ಬೇಸರದ ಮಾತು. ನನಗಂತೂ ಮರ ಅನ್ನಿಸಿಕೊಳ್ಳಲು ಆರು ತಿಂಗಳು ಹಿಡಿಯಿತು.

ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ತಮ್ಮ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದವನು ಒಳಗೆ ಬಂದ. ಕಿಡಿ ನನ್ನ ಭುಜದ ಮೇಲಿತ್ತು, ಕಿವಿಯ ಹತ್ತಿರ ನಾಲಿಗೆ ಆಡಿಸಿ ಕಚಗುಳಿ ಇಡುತ್ತಿತ್ತು.

"ಮುಟ್ಲಾ?"

"ಪಕ್ಕದಿಂದ ಬಾ. ಕೈ ಕೆಳಗಿಂದ ಕೊಡು. ತಲೆ ಕಡೆ ಬೇಡ."

ಕೈ ಕೊಟ್ಟ. ನಡುಗುತ್ತಿತ್ತು. ಕಿಡಿ ತಲೆ ತಿರುಗಿಸಿ ಅವನ ಬೆರಳುಗಳನ್ನು ಒಂದೊಂದಾಗಿ ನಾಲಿಗೆಯಿಂದ ಎಣಿಸಿತು. ನಾನು ಉಸಿರು ಹಿಡಿದಿದ್ದೆ. ಆಮೇಲೆ ಮೆಲ್ಲಗೆ ಅವನ ಅಂಗೈ ಮೇಲೆ ಹರಿದು, ಮಣಿಕಟ್ಟು ದಾಟಿ, ಅಂಗಿಯ ತೋಳಿನೊಳಗೆ ಮೂತಿ ತೂರಿಸಿತು.

"ಲೋಳೆ ಲೋಳೆ ಇರುತ್ತೆ ಅಂದ್ಕೊಂಡಿದ್ದೆ ಅಕ್ಕಾ," ಅಂದ. "ಒಣಗಿದೆ. ಬೆಚ್ಚಗೂ ಇದೆ."

"ಬಿಸಿ ಕಡೆ ಡಬ್ಬಿಯಲ್ಲಿ ಮಲಗಿತ್ತು, ಅದಕ್ಕೆ."

ಇಬ್ಬರೂ ಕೈ ತೊಳೆದುಕೊಂಡೆವು. ಹಾವನ್ನು ಮುಟ್ಟುವ ಮುಂಚೆ ಇಲಿಯ ವಾಸನೆ ಇರಬಾರದು ಅಂತ, ಮುಟ್ಟಿದ ಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು ಅಂತ. ಆರೋಗ್ಯವಾಗಿ ಕಾಣುವ ಸರೀಸೃಪದ ಮೈಮೇಲೂ ಅದು ಇರಬಹುದು.

ಇವತ್ತು ಬೆಳಿಗ್ಗೆ ಕೊಕ್ಕೆ ಹಿಡಿದು ಹೋದೆ. ಕೊಂಬೆಯ ಮೇಲೆ ಇರಲಿಲ್ಲ. ತಣ್ಣನೆ ಕಡೆಯ ಡಬ್ಬಿಯ ಬಾಯಲ್ಲಿ ಮುಖ ಮಾತ್ರ ಕಾಣುತ್ತಿತ್ತು. ಹಳದಿ ಪಟ್ಟಿ ಮಂಕಾಗಿದೆ. ಟಾರ್ಚ್ ಬಿಟ್ಟು ನೋಡಿದೆ, ಕಣ್ಣು ಆಗಲೇ ನೀಲಿ. ಕುತ್ತಿಗೆ ನಿಧಾನಕ್ಕೆ ಹಿಂದೆ ಹೋಗುತ್ತಿತ್ತು. ಕೊಕ್ಕೆಯನ್ನು ಗೋಡೆಗೆ ಒರಗಿಸಿ, ಪಕ್ಕದಿಂದ ನೀರಿನ ಬಟ್ಟಲು ತೆಗೆದು, ತುಂಬಿಸಿ ಇಟ್ಟು, ಬಾಗಿಲು ಸರಿಸಿದೆ. ಪುಸ್ತಕದಲ್ಲಿ ತಾರೀಖು ಹಾಕಿ ಪೊರೆ ಅಂತ ಬರೆದೆ.